ಪಾತ್ರೆಯೂ ಪಾತ್ರತೆಯೂ

ಮನುಷ್ಯನ ಕೈಯಿಂದ ಆಗುವ ವಸ್ತುಗಳಲ್ಲಿ ಎರಡು ಬಗೆಯುಂಟು. ಕೊಟ್ಟು ಕೊಳ್ಳುವದಕ್ಕಾಗಿ ಆದವು ಕೆಲವು. ದೇವರಿಗೆ, ಹಿರಿಯರಿಗೆ, ಸಮಾಜಕ್ಕೆ ಅರ್ಪಿಸುವದಕ್ಕಾಗಿ ಆದವು ಕೆಲವು. ಮೊದಲನೆಯವುಗಳಿಗೆ ಪೇಟೆಯೇ ಮನೆ. ಅವು ಪೇಟೆಗೆ ಬಂದರೆ ಯಾರೂ ಅಚ್ಚರಿಪಡುವದಿಲ್ಲ. ಎರಡನೆಯವು ಪೇಟೆಗೆ ಬಂದಾಗ ಮಾತ್ರ ವಿಚಾರವಂತನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವದು. ಇಲ್ಲಿ ನಿಜವಾಗಿ ಮಾರಾಟವಾಗುತ್ತಿರುವದು ಯಾವದು? ಲೋಹವೆ? ಅದನ್ನು ಮಾಡಿದವನ ಕುಶಲತೆಯೆ? ಇಲ್ಲವೆ ಒಮ್ಮೆ ಅದರ ಮುಂದೆ ಕೈಮುಗಿದು ನಿಂತವರ ಭಕ್ತಿಯೆ? ಭಕ್ತಿಯೂ ಮಾರಾಟವಾಗುವದಾದರೆ ಅದನ್ನು ಕೊಂಡವನು ಭಕ್ತನಾಗುವನೆ? ಮಾರಿದವನು ಭವಿಯಾಗುವನೆ?

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಲಿನ ಲಿಂಗವಂತರ ಹಳೆಯ ಮನೆಗಳನ್ನು ಹೊಕ್ಕು ನೋಡಿದರೆ, ದೇವರ ಜಗಲಿಯ ಮೇಲೆ ಅಜ್ಜ ಮುತ್ತಜ್ಜರು ಧರಿಸಿದ ಬೆಳ್ಳಿಯ ಕರಡಿಗೆ, ಗುಂಡಗಡಿಗೆಗಳೂ ಪಾದೋದಕದ ಬಟ್ಟಲು, ಹಿತ್ತಾಳೆಯ ಆರತಿಗಳೂ ಇಂದಿಗೂ ಕಾಣಸಿಗುವವು. ಮಳೆ ಕೈಕೊಟ್ಟ ವರ್ಷ, ಮೆಣಸಿನಕಾಯಿಯ ಧಾರಣೆ ಬಿದ್ದ ವರ್ಷ, ಮಗಳ ಮದುವೆ ಇಲ್ಲವೆ ಮನೆಯವರ ಬೇನೆಯ ವೆಚ್ಚ ಮೈಮೇಲೆ ಬಂದ ವರ್ಷ, ಗೃಹಸ್ಥನ ಕಣ್ಣು ಆ ಜಗಲಿಯ ಕಡೆಗೆ ಹೊರಳುವದು ಸಹಜ. ಮಾರಿದರೆ ಪಾಪವೆಂಬ ಅಂಜಿಕೆ ಒಂದು ಕಡೆ. ಮಾರದಿದ್ದರೆ ಸಾಲವೆಂಬ ಅಂಜಿಕೆ ಇನ್ನೊಂದು ಕಡೆ. ಇತ್ತ ಇಂಥ ವಸ್ತುಗಳಿಗೆ ಹೊರಗಿನ ಲೋಕದಲ್ಲಿ ಗಿರಾಕಿಗಳ ಕೊರತೆಯಿಲ್ಲ. ನಮ್ಮ ನಾಡಿನ ಲಿಂಗದ ಕರಡಿಗೆಗಳು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿವೆ. ವಿದೇಶದ ಹರಾಜು ಮನೆಗಳ ಯಾದಿಗಳಲ್ಲಿಯೂ ಅವು ಮೇಲಿಂದ ಮೇಲೆ ಕಾಣಿಸಿಕೊಳ್ಳುವವು. ಒಬ್ಬ ಭಕ್ತನ ಎದೆಯ ಮೇಲೆ ಲಿಂಗಕ್ಕೆ ಮನೆಯಾಗಿದ್ದ ವಸ್ತುವು ಅಲ್ಲಿ ಒಂದು ಕ್ರಮಾಂಕವಾಗಿ, ಒಂದು ಅಂದಾಜು ಬೆಲೆಯಾಗಿ ನಿಲ್ಲುವದು.

ತನ್ನ ಮನೆಯ ವ್ಯವಹಾರದಲ್ಲಿ ಮೋಹವು ಅಡ್ಡ ಬರುವದು. ಪರರ ಮನೆಯ ವ್ಯವಹಾರದಲ್ಲಿ ನ್ಯಾಯವು ಬೇಗ ತೋರುವದು. ಆದಕಾರಣ ನಮ್ಮ ಕರಡಿಗೆಯ ಮಾತನ್ನು ತೀರ್ಮಾನಿಸುವ ಮೊದಲು ಚೀನ ದೇಶದ ಒಂದು ಪೂಜಾಪಾತ್ರೆಯ ಕಥೆಯನ್ನು ವಿಚಾರಿಸೋಣ.

ಚೀನದಲ್ಲಿ ಶಾಂಗ್ ಮತ್ತು ಝೌ ಎಂಬ ಅರಸುಮನೆತನಗಳ ಕಾಲಕ್ಕೆ, ಎಂದರೆ ಇಂದಿಗೆ ಮೂರು ಸಾವಿರ ವರ್ಷಗಳ ಹಿಂದೆಯೇ, ಕಂಚಿನ ಕೆಲಸವು ಬಹಳ ಉನ್ನತಿಗೆ ಏರಿತ್ತು. ತಾಮ್ರ ತವರಗಳನ್ನು ಕರಗಿಸಿ, ಮಣ್ಣಿನ ಅಚ್ಚುಗಳಲ್ಲಿ ಎರಕ ಹೊಯ್ದು, ಅವರು ಮೂರು ಕಾಲಿನ ದೊಡ್ಡ ಪಾತ್ರೆಗಳನ್ನೂ ಧಾನ್ಯದ ಬೋಗುಣಿಗಳನ್ನೂ ಮದ್ಯದ ಕೊಡಗಳನ್ನೂ ಮಾಡಿದರು. ಇವು ದಿನದ ಅಡಿಗೆಗಾಗಿ ಆದವಲ್ಲ. ಗತಿಸಿದ ಹಿರಿಯರಿಗೆ ಅನ್ನ, ಮಾಂಸ, ಮದ್ಯಗಳನ್ನು ನಿವೇದಿಸುವದಕ್ಕಾಗಿ ಆದವು. ಆ ನಿವೇದನದ ಪದಾರ್ಥಗಳು ಶಿವಭಕ್ತರಿಗೆ ಸಲ್ಲತಕ್ಕವಲ್ಲವಾದರೂ ನಿವೇದಿಸಿದವರ ಭಾವವನ್ನು ನಾವು ಅಲ್ಲಗಳೆಯಲಾಗದು. ಅನೇಕ ಪಾತ್ರೆಗಳ ಒಳಮೈಯಲ್ಲಿ ಅವನ್ನು ಯಾರು ಯಾರ ಸಲುವಾಗಿ ಮಾಡಿಸಿದರೆಂಬದನ್ನು ಎರಕದಲ್ಲಿಯೇ ಮೂಡಿಸಿ, ಮಕ್ಕಳು ಮೊಮ್ಮಕ್ಕಳು ಇದನ್ನು ಕಾಪಾಡಿ ಬಳಸುತ್ತ ಬರಲೆಂದು ಹಾರೈಸಿರುವರು. ಕಾಪಾಡಲಿ ಎಂದಷ್ಟೇ ಅವರು ಬರೆಯಲಿಲ್ಲ, ಬಳಸಲಿ ಎಂದೂ ಬರೆದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಅಂಥ ಒಂದು ಪಾತ್ರೆಯು ಝೌ ಅರಸರ ಕಾಲದ್ದು. ಅದಕ್ಕೆ ಹೊಯ್ಯುವ ಮೂತಿಯುಂಟು. ಮೂತಿಯ ಮೇಲೆಯೂ ಮುಚ್ಚಳದ ಮೇಲೆಯೂ ಹುಲಿಯ ರೂಪವುಂಟು. ಮುಚ್ಚಳದ ಒಳಗೆ ನಾಲ್ಕೇ ಅಕ್ಷರಗಳಲ್ಲಿ, ಇದನ್ನು ಅರ್ಪಣೆಗಾಗಿ ಮಾಡಿಸಿದ್ದೆಂದು ಬರೆದಿದೆ. ಕಾಲಾಂತರದಲ್ಲಿ ಅದು ಬೀಜಿಂಗಿನ ಬಾದಶಹರ ಬೇಸಿಗೆಯ ಅರಮನೆಯನ್ನು ಸೇರಿತ್ತು. 1860ರಲ್ಲಿ ಇಂಗ್ಲಿಷರ ಮತ್ತು ಫ್ರೆಂಚರ ಸೈನ್ಯಗಳು ಆ ಅರಮನೆಯನ್ನು ಸೂರೆಗೊಂಡು ಸುಟ್ಟವು. ಆಗ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ಕೈಗೆ ಈ ಪಾತ್ರೆ ಬಂದು, ಅವನ ಮನೆತನದಲ್ಲಿ ಉಳಿಯಿತು. 2018ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಕ್ಯಾಂಟರ್ಬರಿಯಲ್ಲಿ ಅದನ್ನು ಹರಾಜಿಗೆ ಇಟ್ಟರು. ಚೀನ ಸರ್ಕಾರವು ಇದು ಕೊಳ್ಳೆಯ ಮಾಲು, ಇದರ ಮಾರಾಟ ಕೂಡದೆಂದು ಪ್ರತಿಭಟಿಸಿತು. ಆದರೂ ಹರಾಜು ನಡೆಯಿತು. 4 ಲಕ್ಷ 10 ಸಾವಿರ ಪೌಂಡುಗಳಿಗೆ ಸವಾಲು ನಿಂತಿತು. ಕೊಂಡವರು ತಮ್ಮ ಹೆಸರನ್ನು ಹೊರಗೆಡವದೆ ಅದನ್ನು ಚೀನಕ್ಕೆ ದಾನವಾಗಿ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು.

ಈ ಕಥೆಯಲ್ಲಿ ನ್ಯಾಯ ಅನ್ಯಾಯಗಳನ್ನು ಬೇರ್ಪಡಿಸುವದು ಕಠಿಣವಲ್ಲ. ಸೂರೆಗೊಂಡದ್ದು ಅನ್ಯಾಯ. ಸೂರೆಯ ಮಾಲನ್ನು ನೂರೈವತ್ತು ವರ್ಷ ಇಟ್ಟುಕೊಂಡ ಮಾತ್ರಕ್ಕೆ ಅದು ತನ್ನದಾಗುವದಿಲ್ಲ. ಕೊಂಡು ಮರಳಿ ಕೊಟ್ಟವರ ನಡತೆ ಮೆಚ್ಚತಕ್ಕದ್ದು. ತಮ್ಮ ಹೆಸರನ್ನು ಹೇಳಿಕೊಳ್ಳದೆ ಕೊಟ್ಟದ್ದು ಇನ್ನೂ ಮೆಚ್ಚತಕ್ಕದ್ದು. ಆದರೆ ಇಷ್ಟಕ್ಕೇ ವಿಚಾರ ಮುಗಿಯಲಿಲ್ಲ. ಆ ಪಾತ್ರೆ ತನ್ನ ದೇಶಕ್ಕೆ ಬಂದಿತು. ತನ್ನ ಕೆಲಸಕ್ಕೆ ಬರಲಿಲ್ಲ. ಈಗಲೂ ಅದು ಗಾಜಿನ ಪೆಟ್ಟಿಗೆಯಲ್ಲಿದೆ. ಅದರಿಂದ ಯಾರೂ ಯಾರಿಗೂ ಏನನ್ನೂ ಅರ್ಪಿಸುವದಿಲ್ಲ. ಅರ್ಪಣೆಗಾಗಿ ಎಂದು ಅದರ ಮೈಮೇಲೆ ಬರೆದ ಮಾತು ಉಳಿದಿದೆ. ಅರ್ಪಿಸುವವರು ಸಾವಿರಾರು ವರ್ಷಗಳ ಹಿಂದೆಯೇ ಇಲ್ಲವಾದರು. ಹಾಗಾದರೆ ಅದರ ಪಾವಿತ್ರ್ಯ ಹೋದದ್ದು ಯಾವಾಗ? 2018ರ ಹರಾಜಿನಲ್ಲಿಯೆ? 1860ರ ಸೂರೆಯಲ್ಲಿಯೆ? ಇಲ್ಲವೆ ಅರಮನೆಯವರು ಅದನ್ನು ಪೂಜೆಯ ಸಾಧನವಾಗಿ ಬಿಟ್ಟು ಐಶ್ವರ್ಯದ ಗುರುತಾಗಿ ಇಟ್ಟುಕೊಂಡ ದಿನವೇ?

ಚೀನದವರ ಹಳೆಯ ಸಂಪ್ರದಾಯವೇ ಈ ಕೊನೆಯ ಪ್ರಶ್ನೆಗೆ ಉತ್ತರ ಸೂಚಿಸುವದು. ಝೌ ಕಾಲದ ಕಟ್ಟಳೆಯಂತೆ ಮೂರು ಕಾಲಿನ ಪಾತ್ರೆಗಳ ಸಂಖ್ಯೆಯು ಮನುಷ್ಯನ ಅಂತಸ್ತನ್ನು ತೋರಿಸುತ್ತಿತ್ತು. ಸಾರ್ವಭೌಮನಿಗೆ ಒಂಬತ್ತು, ಮಾಂಡಲಿಕರಿಗೆ ಏಳು, ಅವರ ಕೆಳಗಿನವರಿಗೆ ಐದು, ಹೀಗೆ ಇಳಿಯುತ್ತ ಹೋಗುತ್ತಿತ್ತು. ಅರ್ಪಣೆಗೆ ಹುಟ್ಟಿದ ಪಾತ್ರೆಯು ಅಂತಸ್ತಿನ ಅಳತೆಯಾಯಿತು. ಅಲ್ಲಿಂದ ಬೆಲೆಯ ಅಳತೆಯಾಗುವದಕ್ಕೆ ಬಹಳ ದೂರವಿಲ್ಲ. ಮನಸ್ಸಿನಲ್ಲಿ ಮೊದಲು ಹರಾಜು ಆಗದ ವಸ್ತುವು ಪೇಟೆಯಲ್ಲಿ ಹರಾಜಾಗುವದಿಲ್ಲ.

ಅದೇ ಜನರಲ್ಲಿ ಈ ತಪ್ಪನ್ನು ಕಂಡು ನುಡಿದ ವಿವೇಕಿಗಳೂ ಇದ್ದರು. ಪುರಾತನ ಅರಸರು ಒಂಬತ್ತು ಪ್ರಾಂತಗಳ ಲೋಹದಿಂದ ಮಾಡಿಸಿದ ಒಂಬತ್ತು ಮಹಾಪಾತ್ರೆಗಳು ಚಕ್ರವರ್ತಿಪದವಿಯ ಲಾಂಛನವಾಗಿ ಮನೆತನದಿಂದ ಮನೆತನಕ್ಕೆ ಬಂದುವೆಂದು ಅವರ ನಂಬಿಕೆ. ಕ್ರಿಸ್ತಪೂರ್ವ 606ರಲ್ಲಿ ಛೂ ನಾಡಿನ ಬಲಾಢ್ಯ ಅರಸನು ಝೌ ರಾಜಧಾನಿಯ ಸಮೀಪಕ್ಕೆ ದಂಡು ತಂದು, ಆ ಪಾತ್ರೆಗಳ ತೂಕವೆಷ್ಟೆಂದು ಕೇಳಿದನು. ತೂಕ ಕೇಳಿದ್ದರ ಹಿಂದೆ ಹೊತ್ತುಕೊಂಡು ಹೋಗುವ ಆಸೆಯಿತ್ತು. ಝೌ ಅರಸನ ಪರವಾಗಿ ಬಂದ ವಾಂಗ್‌ಸುನ್ ಮಾನ್ ಎಂಬ ಅಧಿಕಾರಿಯು, ಭಾರವಿರುವದು ಪಾತ್ರೆಯಲ್ಲಲ್ಲ, ಸದ್ಗುಣದಲ್ಲಿ ಎಂಬರ್ಥದ ಉತ್ತರವನ್ನು ಕೊಟ್ಟನು. ಆಳುವವನಲ್ಲಿ ಶೀಲವಿದ್ದರೆ ಸಣ್ಣ ಪಾತ್ರೆಯೂ ಅಲುಗದಷ್ಟು ಭಾರ. ಶೀಲವಿಲ್ಲದಿದ್ದರೆ ದೊಡ್ಡದೂ ಹಗುರವೆಂಬದು ಅವನ ಅಭಿಪ್ರಾಯ. ಮುಂದೆ ಆ ಒಂಬತ್ತು ಪಾತ್ರೆಗಳು ಕಾಣೆಯಾದವು. ಒಂದು ಪಾತ್ರೆ ನದಿಯಲ್ಲಿ ಮುಳುಗಿತೆಂದೂ, ಚೀನದ ಮೊದಲ ಚಕ್ರವರ್ತಿಯು ಜನರನ್ನು ಇಳಿಸಿ ಹುಡುಕಿಸಿದರೂ ಅದು ದೊರೆಯಲಿಲ್ಲವೆಂದೂ ಹೇಳುವರು. ಪಾತ್ರೆಗಳು ಹೋದವು, ಆ ಅಧಿಕಾರಿಯ ಮಾತು ಎರಡು ಸಾವಿರದ ಆರುನೂರು ವರ್ಷ ಉಳಿಯಿತು.

ನಮ್ಮ ಶರಣರ ಹಾದಿಯನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಸ್ಥಾವರವನ್ನು ನೆಚ್ಚದೆ ಜಂಗಮವನ್ನು ನೆಚ್ಚಿದವರು ಅವರು. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಇಂದಿಗೂ ಹೊತ್ತಿದೆ. ಲಾಂಛನವನ್ನು ಧರಿಸಿ ಅದರ ಆಚಾರವನ್ನು ಬಿಟ್ಟವರ ಮೇಲೆ ಆತನು ಹರಿಸಿದ ಕಟುನುಡಿಯಷ್ಟು ನಿಷ್ಠುರವಾದದ್ದು ವಚನಸಾಹಿತ್ಯದಲ್ಲಿ ವಿರಳ. ಹೊಳೆ ದಾಟಿಸುವ ಅಂಬಿಗನಿಗೆ ಭಾರದ ಅಳತೆ ಚೆನ್ನಾಗಿ ಗೊತ್ತಿರುವದು. ದೋಣಿಯನ್ನು ಮುಳುಗಿಸುವ ಭಾರ ಒಂದು. ಮನುಷ್ಯನನ್ನು ದಾಟಿಸುವ ಭಾರ ಇನ್ನೊಂದು.

ಈಗ ನಮ್ಮ ಶಾಸ್ತ್ರದ ಭಾಷೆಯಲ್ಲಿ ಈ ಪ್ರಶ್ನೆಯನ್ನು ಇಟ್ಟು ನೋಡೋಣ. ಲೋಕದಲ್ಲಿರುವದೆಲ್ಲ ಮೊದಲು ಪದಾರ್ಥ. ಆ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದಾಗ ಅದು ಪ್ರಸಾದವಾಗುವದು. ಅನ್ನದ ರೂಪ, ರುಚಿ, ತೂಕಗಳಲ್ಲಿ ಏನೂ ಬದಲಾವಣೆಯಾಗುವದಿಲ್ಲ; ಬದಲಾಗುವದು ಅದರೊಡನೆ ನಮಗಿರುವ ಸಂಬಂಧ. ‘ಇದು ನನ್ನದು’ ಎಂಬ ಭಾವ ಅಳಿದು ‘ಇದು ಅವನು ಕೊಟ್ಟದ್ದು’ ಎಂಬ ಭಾವ ಬರುವದು. ಆದುದರಿಂದ ಪ್ರಸಾದವನ್ನು ಚೆಲ್ಲಲಾಗದು, ಕೂಡಿಡಲಾಗದು, ಅದಕ್ಕೆ ಬೆಲೆ ಕಟ್ಟಲಾಗದು, ಹಂಚಿ ಉಣ್ಣಬೇಕು. ಪೂಜಾವಸ್ತುವಿಗೆ ಲಾಭದಾಸೆಯಿಂದ ಬೆಲೆ ಕಟ್ಟುವದೆಂದರೆ ಪ್ರಸಾದವನ್ನು ಮತ್ತೆ ಪದಾರ್ಥವಾಗಿಸುವದು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವದು. ಹರಾಜಿನಲ್ಲಿ ದೋಷವಿದ್ದರೆ ಅದು ಇಲ್ಲಿದೆ. ಕೂಗಿ ಬೆಲೆ ಏರಿಸುವದರಲ್ಲಿ ಇಲ್ಲ.

ಏಕೆಂದರೆ ಹರಾಜು ತಾನಾಗಿ ಪಾಪಕಾರ್ಯವಲ್ಲ. ಬ್ಯಾಡಗಿಯ ಪೇಟೆಯನ್ನು ಅರಿಯದವರು ಈ ಸೀಮೆಯಲ್ಲಿ ಯಾರಿದ್ದಾರೆ? ಸೋಮವಾರ ಗುರುವಾರಗಳಂದು ಅಲ್ಲಿ ಕೆಂಪು ಮೆಣಸಿನಕಾಯಿಯ ಚೀಲಗಳ ರಾಶಿ ಬೀಳುವದು. ಡಬ್ಬಿ, ಕಡ್ಡಿ ಎಂದು ತಳಿ ನೋಡಿ, ಬಣ್ಣ ನೋಡಿ, ಸುಕ್ಕು ನೋಡಿ ಖರೀದಿದಾರರು ಟೆಂಡರಿನಲ್ಲಿ ಬೆಲೆ ಬರೆಯುವರು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಈ ಕಾಯಿಯು ಮಾರುವದಕ್ಕಾಗಿಯೇ ಬೆಳೆದದ್ದು. ರೈತನ ಬೆವರಿಗೆ ನ್ಯಾಯವಾದ ಬೆಲೆ ಬರಬೇಕಾದದ್ದು ಧರ್ಮ. 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ರೊಚ್ಚಿಗೆದ್ದವರು ಆ ಪ್ರಾಂಗಣದಲ್ಲಿ ಕಲ್ಲು ತೂರಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ವರ್ಷದ ದುಡಿಮೆಗೆ ಬೆಲೆ ಕಡಿಮೆ ಬಂದಾಗ ಎದೆ ಉರಿಯುವದೇಕೆಂಬದನ್ನು ಅರಿಯದವನು ಕಾಯಕದ ತತ್ತ್ವವನ್ನೂ ಅರಿಯನು. ಕಾಯಕದ ಫಲಕ್ಕೆ ಸಲ್ಲತಕ್ಕ ಬೆಲೆಯನ್ನು ಕೊಡದಿರುವದು ಒಂದು ದೋಷ. ಅರ್ಪಣೆಯ ವಸ್ತುವಿಗೆ ಇಲ್ಲದ ಬೆಲೆಯನ್ನು ಕಟ್ಟುವದು ಇನ್ನೊಂದು ದೋಷ. ಎರಡೂ ಬೆಲೆಯ ವಿಷಯದಲ್ಲಿ ಆದ ವಿವೇಕಭ್ರಂಶಗಳೇ.

ದೇವರ ವಸ್ತುವಿನ ಹರಾಜು ನಮ್ಮಲ್ಲಿಯೂ ಇಲ್ಲವೆ, ಎಂದು ಯಾರಾದರೂ ಕೇಳಬಹುದು. ಉಂಟು. ಜಾತ್ರೆಗಳಲ್ಲಿ ದೇವರ ಹಾರವನ್ನೂ ತೆಂಗಿನಕಾಯಿಯನ್ನೂ ಪಟವನ್ನೂ ಸವಾಲಿಗೆ ಹಚ್ಚುವ ವಾಡಿಕೆಯಿದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಗಳ ರಥೋತ್ಸವದ ಸಮಯಕ್ಕೆ ಮುಕ್ತಿ ಬಾವುಟವೆಂಬ ಪಟವನ್ನು ಹರಾಜು ಹಾಕುವದೂ, ಅದು ಲಕ್ಷಗಟ್ಟಲೆ ರೂಪಾಯಿಗಳಿಗೆ ಹೋಗುವದೂ ಎಲ್ಲರೂ ಬಲ್ಲ ಸಂಗತಿ. ಇಲ್ಲಿ ನಾವು ಒಂದು ಭೇದವನ್ನು ಕಾಣಬೇಕು. ಆ ಸವಾಲಿನಲ್ಲಿ ಹಣವು ಭಕ್ತನಿಂದ ದೇವಾಲಯಕ್ಕೆ ಹೋಗುವದು. ಕೂಗಿದ ಬೆಲೆಯೇ ಅರ್ಪಣೆಯಾಗುವದು. ಲಂಡನ್ನಿನ ಹರಾಜಿನಲ್ಲಿ ಹಣವು ಕೊಂಡವನಿಂದ ಮಾರಿದವನ ಕಿಸೆಗೆ ಹೋಗುವದು. ಅಲ್ಲಿ ಅರ್ಪಣೆಗೆ ಎಡೆಯೇ ಇಲ್ಲ. ಆದರೆ ಜಾತ್ರೆಯ ಸವಾಲು ಹಿಡಿದವನು ತಾನು ಬಾವುಟದ ಜೊತೆಗೆ ಮುಕ್ತಿಯನ್ನೂ ಕೊಂಡೆನೆಂದು ಭಾವಿಸಿದರೆ, ಇಲ್ಲವೆ ಊರವರ ಮುಂದೆ ತನ್ನ ಕಿಸೆಯ ಬಲವನ್ನು ತೋರಿಸಿದೆನೆಂದು ಹಿಗ್ಗಿದರೆ, ಆ ಕ್ಷಣಕ್ಕೆ ನಾಯಕನಹಟ್ಟಿಗೂ ಲಂಡನ್ನಿಗೂ ಅಂತರ ಉಳಿಯದು. ಬೆವರಿನ ದುಡಿಮೆಯನ್ನು ಬೋಧಿಸಿ ಕೆರೆ ಕಟ್ಟಿಸಿದರೆಂದು ನಾಡು ನೆನೆಯುವ ಆ ಗುರುಗಳು ಮುಕ್ತಿಯನ್ನು ಬೆಲೆಗೆ ಇಟ್ಟವರಲ್ಲ.

ಕೊಳ್ಳುವವನ ವಿಚಾರಕ್ಕೆ ಇನ್ನೊಂದು ಉದಾಹರಣೆಯನ್ನು ನೋಡಬಹುದು. 2009ರ ಮಾರ್ಚ್ 5ರಂದು ನ್ಯೂಯಾರ್ಕಿನಲ್ಲಿ ಮಹಾತ್ಮಾ ಗಾಂಧಿಯವರ ಕನ್ನಡಕ, ಪಾದರಕ್ಷೆ, ಕಿಸೆಗಡಿಯಾರಗಳೊಡನೆ ಅವರು ಉಣ್ಣುತ್ತಿದ್ದ ತಟ್ಟೆ ಬಟ್ಟಲುಗಳನ್ನೂ ಹರಾಜಿಗೆ ಇಟ್ಟರು. ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯರ ಪರವಾಗಿ 18 ಲಕ್ಷ ಡಾಲರುಗಳಿಗೆ ಅವು ಕೊಳ್ಳಲ್ಪಟ್ಟವು. ಪಾನನಿರೋಧಕ್ಕಾಗಿ ಹೆಣಗಿದವರ ಬಟ್ಟಲನ್ನು ಮದ್ಯದ ಹಣ ಬಿಡಿಸಿತೆಂದು ಆಗ ಹಲವರು ಆಡಿಕೊಂಡರು. ಅವರ ನಾಡಿನ ವಸ್ತು ಹೊರಗೆ ಹೋಗಬಾರದೆಂದು ಕೊಂಡದ್ದರಲ್ಲಿ ಅಭಿಮಾನವಿತ್ತೆಂದೇ ಇಟ್ಟುಕೊಳ್ಳೋಣ. ಆದರೂ ಆ ಬಟ್ಟಲಿಗೆ 18 ಲಕ್ಷದ ಯೋಗ್ಯತೆ ಬಂದದ್ದು ಎಲ್ಲಿಂದ? ಕಡಿಮೆ ಉಂಡು, ಕಡಿಮೆ ಉಟ್ಟು, ಇದ್ದುದನ್ನು ಜನರಿಗೆ ಕೊಟ್ಟವರ ಬಾಳಿನಿಂದ. ಆ ಬಾಳು ಹರಾಜಿಗೆ ಬರಲಿಲ್ಲ, ಬರುವಂತೆಯೂ ಇಲ್ಲ.

ಅದು ಬೇಕಾದವರಿಗೆ ಬೇರೆ ರೀತಿಯಲ್ಲಿ ದೊರೆಯಿತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹದಿಹರೆಯದಲ್ಲಿಯೇ, 1930ರಲ್ಲಿ, ಗಾಂಧೀಜಿಯವರ ಜೊತೆಗೆ ದಾಂಡಿಗೆ ಕಾಲ್ನಡಿಗೆಯಲ್ಲಿ ಹೋದರು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಇನ್ನಿಬ್ಬರು ಸಂಗಾತಿಗಳೊಡನೆ ಗುಂಡಿಗೆ ಎದೆಗೊಟ್ಟರು. ಮಹಾತ್ಮರ ತಟ್ಟೆ ಬಟ್ಟಲುಗಳಲ್ಲಿ ಒಂದೂ ಅವರ ಪಾಲಿಗೆ ಬರಲಿಲ್ಲ. ಆದರೆ ಗಾಂಧೀಜಿಯವರ ಆಸ್ತಿಗೆ ನಿಜವಾದ ವಾರಸುದಾರರು ಯಾರೆಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಸಂದೇಹವಿಲ್ಲದೆ ಹೇಳುವರು.

ಇನ್ನು ನಮ್ಮ ಜಗಲಿಯ ಮೇಲಿನ ಕರಡಿಗೆಗೆ ಬರೋಣ. ಇಷ್ಟಲಿಂಗವೇ ಬೇರೆ, ಕರಡಿಗೆಯೇ ಬೇರೆ. ಲಿಂಗವು ಗುರುವು ಶಿಷ್ಯನ ಕರಸ್ಥಲಕ್ಕೆ ಕರುಣಿಸಿದ್ದು. ಅದು ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುವದಿಲ್ಲ; ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ತನ್ನ ಲಿಂಗವನ್ನು ಗುರುವಿನಿಂದಲೇ ಪಡೆಯಬೇಕು. ಲಿಂಗೈಕ್ಯನಾದವನೊಡನೆ ಅದೂ ಕ್ರಿಯಾಸಮಾಧಿಯನ್ನು ಸೇರುವದು. ಆದುದರಿಂದ ಲಿಂಗಕ್ಕೆ ವಾರಸಿಕೆಯಿಲ್ಲ, ಮಾರಾಟವಿಲ್ಲ, ಹರಾಜಿಲ್ಲ. ನಮ್ಮ ಹಿರಿಯರ ಈ ವ್ಯವಸ್ಥೆಯಲ್ಲಿ ಎಷ್ಟು ಆಳವಾದ ವಿವೇಕವಿದೆ! ಚೀನದ ಅರಸರು ಪೂಜಾಪಾತ್ರೆಯನ್ನು ಮಕ್ಕಳಿಗೆ ಬಿಟ್ಟುಹೋದರು. ಭಕ್ತಿಯನ್ನು ಅದರೊಳಗೆ ತುಂಬಿ ಬಿಟ್ಟುಹೋಗಲಾರದೆ ಹೋದರು. ಶರಣಧರ್ಮವು ಪೂಜೆಯ ಮುಖ್ಯ ವಸ್ತುವನ್ನು ವಾರಸಿಕೆಯಿಂದಲೇ ಹೊರಗಿಟ್ಟಿತು. ಅಜ್ಜನ ಲಿಂಗ ಅಜ್ಜನಿಗೆ. ನಿನ್ನ ಲಿಂಗಕ್ಕೆ ನೀನೇ ಪಾತ್ರನಾಗಬೇಕು.

ಉಳಿಯುವದು ಕರಡಿಗೆ. ಅದು ಲಿಂಗಕ್ಕೆ ಮನೆಯಾದ ಬೆಳ್ಳಿ. ಬೆಳ್ಳಿಯಿಲ್ಲದವರು ವಸ್ತ್ರದಲ್ಲಿ ಕಟ್ಟಿ ಲಿಂಗವನ್ನು ಧರಿಸಿದರೆ ಅವರ ಪೂಜೆಯಲ್ಲಿ ಗುಲಗಂಜಿಯಷ್ಟೂ ಕೊರತೆಯಾಗದು. ಹೀಗಿರಲು, ಮನೆಯಲ್ಲಿ ಮಕ್ಕಳು ಹಸಿದಾಗ, ಬೇನೆ ಬಿದ್ದವರಿಗೆ ಔಷಧಿ ಬೇಕಾದಾಗ, ಸಾಲಗಾರನ ಮುಂದೆ ಮಾನ ಹೋಗುವ ಪ್ರಸಂಗ ಬಂದಾಗ, ಗೃಹಸ್ಥನು ಆ ಬೆಳ್ಳಿಯನ್ನು ಮಾರಿದರೆ ಅದು ಪಾಪವೆಂದು ಹೇಳುವದು ಶರಣಧರ್ಮಕ್ಕೆ ಒಪ್ಪದು. ಹಸಿದ ಜೀವಕ್ಕೆ ಅನ್ನವಾದ ಬೆಳ್ಳಿಯು ಅರ್ಪಿತವಾಯಿತೆಂದೇ ತಿಳಿಯಬೇಕು. ಕಣ್ಣೀರು ಹಾಕುತ್ತ ಮಾರಿದ ತಾಯಿಯ ಮನಸ್ಸಿನಲ್ಲಿ ಪಾಪಭೀತಿಯನ್ನು ತುಂಬುವದು ಧರ್ಮೋಪದೇಶವಲ್ಲ. ಆದರೆ ಅದೇ ಬೆಳ್ಳಿಯನ್ನು ಆಡಂಬರದ ಮದುವೆಗಾಗಿ, ಇಸ್ಪೀಟಿಗಾಗಿ, ನೆರೆಯವರ ಕಣ್ಣು ಕುಕ್ಕುವ ವಸ್ತುವಿಗಾಗಿ ಮಾರಿದರೆ, ಆಗ ಹೋದದ್ದು ಬೆಳ್ಳಿಯಷ್ಟೇ ಅಲ್ಲ. ಅಜ್ಜನು ಅರ್ಪಣೆಗೆ ಕೊಟ್ಟದ್ದನ್ನು ಮೊಮ್ಮಗನು ಅಹಂಕಾರಕ್ಕೆ ಕೊಟ್ಟಂತಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪಾವಿತ್ರ್ಯವು ಲೋಹದಲ್ಲಿಲ್ಲವೆಂದ ಮೇಲೆ ಗುಡಿಯ ಮೂರ್ತಿಗಳು, ಮಠದ ಪಾತ್ರೆಗಳು, ಹಳೆಯ ತಾಡವೋಲೆಗಳು ಕಳುವಾದರೆ, ವಿದೇಶಕ್ಕೆ ಹೋದರೆ ಚಿಂತೆಯೇಕೆ? ಇದು ಜಾಣತನದ ಆಕ್ಷೇಪವೇ ಹೊರತು ಸತ್ಯವಲ್ಲ. ಬಸವಣ್ಣನವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅವರು ಕರುಗಳನ್ನೂ ಹಿಂದಿನಿಂದ ಕಳುಹಿಸಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದೇ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ಕೇಳಿದಾಗ ಒಂದು ಹೊನ್ನೂ ಕಡಿಮೆಯಿಲ್ಲದಂತೆ ಒಪ್ಪಿಸಿದರೆಂಬ ಕಥೆಯೂ ಪ್ರಸಿದ್ಧವಾಗಿದೆ. ಎರಡನ್ನೂ ಕೂಡಿಸಿ ಓದಬೇಕು. ತನ್ನದನ್ನು ಬಿಡುವದು ತ್ಯಾಗ. ಹತ್ತು ಜನರದನ್ನು ಬಿಟ್ಟುಕೊಡುವದು ದ್ರೋಹ. ದಾಸೋಹಕ್ಕೆಂದು ಒಬ್ಬ ಭಕ್ತನು ಕೊಟ್ಟ ಕೊಪ್ಪರಿಗೆಯ ಮೇಲೆ ಮಠದ ಅಧಿಕಾರಿಗಳಿಗೂ ಮಾರುವ ಹಕ್ಕಿಲ್ಲ. ಅದು ಮುಂದೆ ಬಂದು ಉಣ್ಣುವವರದು. ನಮ್ಮ ದೇಶದ ಕಾಯಿದೆಯೂ ಈ ಭೇದವನ್ನು ಮನ್ನಿಸುವದು. 1972ರ ಪುರಾತನ ವಸ್ತು ಹಾಗೂ ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳನ್ನೂ ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದ ಹೊರಗೆ ಸಾಗಿಸಕೂಡದು. ಮನೆಯ ಹಳೆಯ ವಸ್ತುವನ್ನು ಕೇಳಿಕೊಂಡು ಬರುವ ಅಪರಿಚಿತ ವ್ಯಾಪಾರಿಯ ಮುಂದೆ ಗೃಹಸ್ಥರು ಇದನ್ನು ನೆನೆಯಬೇಕು.

ಹಾಗೆಂದು ಕಾಪಾಡುವದೆಂದರೆ ಕಟ್ಟಿ ಇಡುವದೆಂದೂ ಅಲ್ಲ. ವಚನಗಳ ಓಲೆಕಟ್ಟುಗಳನ್ನು ಎಷ್ಟೋ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರು; ಬಿಚ್ಚಿ ಓದುವವರು ಇರಲಿಲ್ಲ. ಆ ಕಟ್ಟುಗಳಿಗೂ ಗಾಜಿನ ಪೆಟ್ಟಿಗೆಯ ಕಂಚಿಗೂ ಏನು ಭೇದ? ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅಂಥ ಓಲೆಗಳನ್ನು ಕೂಡಿಸಿ, ಓದಿ, ತಿದ್ದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸುವ ಸಲುವಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. ಮಾರಾಟವೆಲ್ಲ ಹೀನವಲ್ಲವೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ? ಅವರು ಮಾರಿದ್ದು ತಮ್ಮದನ್ನು, ಉಳಿಸಿದ್ದು ಎಲ್ಲರದನ್ನು. ಪೂಜಿಸಲ್ಪಡುತ್ತಿದ್ದ ಓಲೆಗಳನ್ನು ಅವರು ಬಳಕೆಗೆ ತಂದರು. ಚೀನದ ಹಳೆಯ ಪಾತ್ರೆಗಳ ಮೇಲಿನ ಹಾರೈಕೆಯು ಹೀಗೆ ನಮ್ಮ ನಾಡಿನಲ್ಲಿ ಬೇರೊಂದು ಬಗೆಯಿಂದ ಫಲಿಸಿತೆನ್ನಬಹುದು.

ಆಯ್ದಕ್ಕಿ ಮಾರಯ್ಯನ ಪತ್ನಿ ಲಕ್ಕಮ್ಮನ ಕಥೆಯು ಈ ವಿಚಾರಕ್ಕೆ ಮುಕುಟಪ್ರಾಯವಾದದ್ದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ತಾಯಿ ಹಿಗ್ಗಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಆಸೆ ಬೆರೆತ ಅಕ್ಕಿ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಅಕ್ಕಿಯಲ್ಲಿ ದೋಷವಿರಲಿಲ್ಲ. ಕೂಡಿಡುವ ಆಸೆ ಬೆರೆತ ಕೂಡಲೇ ಅದು ಅರ್ಪಣೆಗೆ ಸಲ್ಲದಾಯಿತು. ಲಕ್ಕಮ್ಮನ ಮನೆಯಲ್ಲಿ ಹರಾಜಿಗೆ ಇಡುವಂಥ ಒಂದು ಪಾತ್ರೆಯೂ ಇದ್ದಿರಲಾರದು. ಒಂಬತ್ತು ಮಹಾಪಾತ್ರೆಗಳ ಒಡೆಯನಾದ ಚಕ್ರವರ್ತಿಗೆ ಇಲ್ಲದ ಭಾರವು ಆ ಬಡತಾಯಿಯ ಮಡಕೆಗೆ ಇತ್ತು.

ಆದುದರಿಂದ ಪೂಜೆಯ ವಸ್ತುವನ್ನು ಮಾರುವ ಇಲ್ಲವೆ ಕೊಳ್ಳುವ ಪ್ರಸಂಗ ಬಂದಾಗ ಗೃಹಸ್ಥನು ಮೂರು ಮಾತುಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಇದು ನಿಜವಾಗಿ ನನ್ನದೆ, ಇಲ್ಲವೆ ಹತ್ತು ಜನರದೆ? ಇದರಿಂದ ಬಂದ ಹಣ ಹಸಿವೆಗೆ ಹೋಗುವದೆ, ಅಹಂಕಾರಕ್ಕೆ ಹೋಗುವದೆ? ಈ ವಸ್ತು ಮನೆ ಬಿಟ್ಟ ಮೇಲೆಯೂ ಇದು ಕಲಿಸಿದ ಅರ್ಪಣೆ ಮನೆಯಲ್ಲಿ ಉಳಿಯುವದೆ? ಮೂರನೆಯ ಮಾತಿಗೆ ಉಳಿಯುವದೆಂಬ ಉತ್ತರ ಬರದಿದ್ದರೆ, ವಸ್ತುವನ್ನು ಮಾರದೆ ಇಟ್ಟುಕೊಂಡೂ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಹುಣಸೆಹುಳಿಯಿಂದ ತಿಕ್ಕಿ ಹೊಳೆಯಿಸಿ ಮತ್ತೆ ಪೆಟ್ಟಿಗೆಗೆ ಸೇರಿಸುವ ಬೆಳ್ಳಿಯು ಆಗಲೇ ವಸ್ತುಸಂಗ್ರಹಾಲಯವನ್ನು ಸೇರಿದೆ.

ನಮ್ಮ ಭಾಷೆಯಲ್ಲಿ ಪಾತ್ರೆ, ಪಾತ್ರ, ಪಾತ್ರತೆ ಇವು ಒಂದೇ ಮೂಲದ ಮಾತುಗಳು. ತುಂಬಿಸಿಕೊಳ್ಳಬಲ್ಲದ್ದು ಪಾತ್ರೆ, ಗುರುಕರುಣೆಯನ್ನು ತುಂಬಿಸಿಕೊಳ್ಳಬಲ್ಲವನು ಪಾತ್ರ. ಕಂಚಿನ ಪಾತ್ರೆಯನ್ನು ಸೂರೆಗೊಳ್ಳಬಹುದು, ತೂಗಬಹುದು, ಕೂಗಿ ಕೊಳ್ಳಬಹುದು. ಪಾತ್ರತೆಯನ್ನು ಕೊಡುವ ಪೇಟೆಯು ಬ್ಯಾಡಗಿಯಲ್ಲಿಯೂ ಇಲ್ಲ, ಲಂಡನ್ನಿನಲ್ಲಿಯೂ ಇಲ್ಲ. ಅದು ನಿತ್ಯದ ಕಾಯಕದಿಂದ, ಹಂಚಿ ಉಣ್ಣುವ ದಾಸೋಹದಿಂದ, ಕರಸ್ಥಲದ ಲಿಂಗವನ್ನು ಮರೆಯದ ನಡೆಯಿಂದ ಸ್ವಲ್ಪ ಸ್ವಲ್ಪವಾಗಿ ಬರುವದು. ಬೆಳ್ಳಿಯ ಕರಡಿಗೆ ಇದ್ದ ಮನೆಗೂ ಇಲ್ಲದ ಮನೆಗೂ ಆ ಪಾತ್ರತೆ ದೊರೆಯಲೆಂದು ಹಾರೈಸುವೆವು.